ಮೊದಲ ದಿನ ಅವಳು ಹೇಳಿದ್ದು

ಮಧ್ಯಾಹ್ನ ಎರಡರ ಪಾಳಿಗೆ ಬಂದು ನಾನಿನ್ನೂ ತಲೆಗೆ ಟೋಪಿ ಸಿಕ್ಕಿಸಿಕೊಳ್ಳುತ್ತಿದ್ದೆ. ಆಯಾ ಬಾಗಿಲಿನಿಂದಲೇ ಕೂಗಿದಳು: "ಸಿಸ್ಟರ್, ತುಮಚೀ ಮಾಣಸಂ ಆಲೀತ್!" ನಿಮ್ಮ ಜನ ಬಂದಿದ್ದಾರೆ ಎಂದು. ನನ್ನ ಜನ ಎಂದರೆ ಬಂಧುಬಳಗವೇನಲ್ಲ. ಬಿಜಾಪುರ, ಗುಲ್ಬರ್ಗಾ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದು, ಎಲ್ಲಿಂದಲೋ ಬಿದ್ದು, ಕೈಕಾಲು ಮುರಿದುಕೊಂಡು, ಮರಾಠಿ ಬಾರದೆ ಕ್ಯಾಜುವಲ್ಟಿಯ ಬಾಗಿಲಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಾ ನಿಲ್ಲುವವರು. ತೊಂಬತ್ತರ ದಶಕದ ನಡುವಿನ ಕಾಲ ಅದು. ಪಿಂಪ್ರಿಯ ಆಚೆ, ಚಾಕಣದ ದಾರಿಯುದ್ದಕ್ಕೂ ಕಾರ್ಖಾನೆಗಳ ಶೆಡ್ಡುಗಳು ಏಳುತ್ತಿದ್ದವು. ವಾರಕ್ಕೆ ಇಬ್ಬರು ಮೂವರಾದರೂ ಹೀಗೆ ಬರುತ್ತಿದ್ದರು. ಆ ಪಾಳಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಡಾಕ್ಟರಿಗೂ ಪೊಲೀಸರಿಗೂ ನಾನೇ ದುಭಾಷಿ. ಅದಕ್ಕೆ ಆದೇಶವೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ಜಂಭ ಮಾತ್ರ ಧಾರಾಳವಾಗಿತ್ತು. ನನ್ನ ಮರಾಠಿ ಕೇಳಿದ ಪೇಠೆಯ ಹೆಂಗಸರು ನಾನು ಕರ್ನಾಟಕದವಳೆಂದರೆ ನಂಬುತ್ತಿರಲಿಲ್ಲ, ಮತ್ತು ಅವರು ನಂಬದಿದ್ದಾಗಲೆಲ್ಲ ನಾನು ಮನೆಗೆ ಹೋಗಿ ಗಂಡನ ಮುಂದೆ ಅದನ್ನು ಹೇಳಿಕೊಳ್ಳುತ್ತಿದ್ದೆ.

ಬಂದವಳು ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹೆಂಗಸು. ಹಣೆ ಹುಬ್ಬಿನ ಮೇಲೆ ಒಡೆದು ರಕ್ತ ಕೆನ್ನೆಗೆ ಇಳಿದಿತ್ತು. ಸೀರೆಯ ಮೇಲೆಲ್ಲ ಸಿಮೆಂಟು. ಅಣ್ಣ ಕರೆತಂದಿದ್ದ, ಅವನು ಪಿಂಪ್ರಿಯಲ್ಲಿ ಬೇರೆ ಕಡೆ ಗೋಡೆಗೆ ಗಿಲಾಯಿ ಬಳಿಯುವ ಕೆಲಸ ಮಾಡುವವನು. ಹೆಂಗಸರ ಕಡೆ ಬರಬಾರದೆಂದು ತಾನೇ ತಿಳಿದು ಹೊರಗೆ ಕಂಬದ ಹತ್ತಿರ ನಿಂತಿದ್ದ.

"ಏನಾತು ತಂಗಿ?" ಎಂದೆ, ಹತ್ತಿಯಿಂದ ರಕ್ತ ಒರೆಸುತ್ತ.

"ಮುಕಾದಮ ತ್ರಾಸ ಕೊಟ್ಟಾನ್ರಿ ಅಕ್ಕಾರ. ಭಾಳ ತ್ರಾಸ ಕೊಟ್ಟಾನ."

ಮುಕಾದಮ ಎಂದರೆ ಕೂಲಿಯವರ ಮೇಸ್ತ್ರಿ. ಅವಳ ಊರಿನ ಪಕ್ಕದ ಊರಿನವನೇ. ಇಡೀ ಗುಂಪನ್ನು ಊರಿಂದ ಕರೆತಂದವನೂ ಅವನೇ.

"ಎಲ್ಲೆ?"

"ಸಿಮಿಟ ಇಡೂ ಖೋಲ್ಯಾಗ."

ನಾನು ಡಾಕ್ಟರ ಕಡೆ ತಿರುಗಿ ಹೇಳಿದೆ: "ಮುಕಾದಮಾನೆ ತ್ರಾಸ್ ದಿಲಾ. ಫಾರ್ ತ್ರಾಸ್ ದಿಲಾ." ಇಷ್ಟು ಸಲೀಸಾದ ಅನುವಾದ ಇನ್ನೊಂದಿರಲಿಲ್ಲ. ತ್ರಾಸ ನಮ್ಮಲ್ಲೂ ತ್ರಾಸ, ಅವರಲ್ಲೂ ತ್ರಾಸ. ಕೊಟ್ಟದ್ದನ್ನು ದಿಲಾ ಮಾಡಿದರೆ ಮುಗಿಯಿತು.

ಆದರೆ ನಮ್ಮ ಕಡೆ ಹೆಂಗಸರಿಗೆ ತ್ರಾಸ ಎಂಬುದು ಒಂದು ಮಾತಲ್ಲ, ದೊಡ್ಡ ಗಂಟು. ಹೊಟ್ಟೆನೋವೂ ತ್ರಾಸ, ಹೆರಿಗೆಯೂ ತ್ರಾಸ, ಅತ್ತೆಯ ಕಾಟವೂ ತ್ರಾಸ, ಬಾಯಿಬಿಟ್ಟು ಹೇಳಲಾಗದ್ದು ಏನಿದೆಯೋ ಅದೂ ತ್ರಾಸವೇ. ಆ ಗಂಟನ್ನು ಬಿಚ್ಚಿ "ಯಾವ ತ್ರಾಸ?" ಎಂದು ಕೇಳಬೇಕು. ನಮ್ಮವ್ವ ಕೇಳುತ್ತಿದ್ದಳು, ಓಣಿಯ ಯಾವ ಅಜ್ಜಿಯಾದರೂ ಕೇಳುತ್ತಿದ್ದಳು. ನಾನು ಜಮಖಂಡಿಯವಳು, ಆ ಮಾತಿನಲ್ಲೇ ಬೆಳೆದವಳು, ಕೇಳಲಿಲ್ಲ. ಮರಾಠಿಯಲ್ಲಿ ತ್ರಾಸ್ ಎಂದರೆ ಉಪದ್ರವ, ಕಿರುಕುಳ. ಡಾಕ್ಟರು ತಲೆ ಎತ್ತದೆ ಪರಿಚಿತನಿಂದ ಹಲ್ಲೆ ಎಂಬರ್ಥದ ಒಂದು ಸಾಲನ್ನು ಪೊಲೀಸ್ ಕೇಸುಗಳ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದರು.

ಆಸ್ಪತ್ರೆಯ ಚೌಕಿಯ ಹವಾಲ್ದಾರ ಬಂದ. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. "ಭಾಂಡಣ ಝಾಲಂ ಕಾ?" ಎಂದು ನನ್ನನ್ನೇ ಕೇಳಿದ. ನಾನು ಅವಳನ್ನು ಕೇಳಿದೆ: "ಜಗಳ ಆತೇನ?"

"ಜಗಳನೂ ಆತ್ರಿ," ಎಂದಳು.

ಜಗಳನೂ. ಆ 'ನೂ' ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಆದರೆ ಪಕ್ಕದ ಮಂಚದಲ್ಲಿ ಒಬ್ಬ ಮುದುಕನಿಗೆ ಸಲಾಯಿನ್ ಮುಗಿಯುತ್ತ ಬಂದಿತ್ತು, ನನ್ನ ಕಣ್ಣು ಆ ಬಾಟಲಿಯ ಮೇಲಿತ್ತು. "ಹೋ, ಭಾಂಡಣ ಝಾಲಂ," ಎಂದೆ. ಹವಾಲ್ದಾರ ಬರೆದುಕೊಂಡ: ಕೆಲಸದ ಜಾಗದಲ್ಲಿ ಜಗಳ, ಮುಕಾದಮನು ತ್ರಾಸ ಕೊಟ್ಟು ತಳ್ಳಿದ, ಹಣೆಗೆ ಗಾಯ. ಪೊಲೀಸರು ತಾವಾಗಿ ತನಿಖೆ ಮಾಡಬೇಕಿಲ್ಲದ ಸಣ್ಣ ಪ್ರಕರಣ, ಎನ್.ಸಿ. ಕೊನೆಗೆ ಎಲ್ಲ ಹೇಳಿಕೆಗಳ ಬುಡದಲ್ಲಿ ಇರುವ ಸಾಲು: ಓದಿ ಹೇಳಲಾಯಿತು, ಸರಿಯಾಗಿದೆ. ಓದಿದ್ದು ಮರಾಠಿಯಲ್ಲಿ. ಅವಳು ಹೂಂ ಎಂದು ಹೆಬ್ಬೆಟ್ಟು ಒತ್ತಿದಳು. ನಡುವೆ ಒಬ್ಬಳು ನಿಂತು ಮಾತು ದಾಟಿಸಿದಳು ಎಂಬುದು ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಓದಿದವರಿಗೆ ಅವಳೇ ಶುದ್ಧ ಮರಾಠಿಯಲ್ಲಿ ಹೇಳಿದಂತೆ ಇತ್ತು.

ಆರು ಹೊಲಿಗೆ ಬಿದ್ದವು. ಎರಡು ಸಲ ವಾಂತಿ ಮಾಡಿಕೊಂಡಳೆಂದು, ತಲೆಗೆ ಪೆಟ್ಟಿರಬಹುದೆಂದು, ಒಂದು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಮಂಚಕ್ಕೆ ಬಿಡುವಾಗ ನನ್ನ ಸೆರಗು ಹಿಡಿದು ಹೇಳಿದಳು: "ಮೈಯೆಲ್ಲಾ ಹೊಲಸಾಗ್ಯದ್ರಿ ಅಕ್ಕಾರ. ಒಂದೀಟ ನೀರ ಕೊಡ್ರಿ."

ಸಿಮೆಂಟು, ರಕ್ತ, ವಾಂತಿ. ಹೊಲಸಾಗದೆ ಏನು? ನನಗೆ ಪಾಪ ಎನ್ನಿಸಿತು. ಅಡಿಗೆಮನೆಯಿಂದ ಬಿಸಿನೀರು ತರಿಸಿಕೊಟ್ಟೆ. ನನ್ನ ಚೀಲದಲ್ಲಿದ್ದ ಸೋಪು ಕೊಟ್ಟೆ. ಅವಳ ಸೀರೆ, ಲಂಗ ಎಲ್ಲವನ್ನೂ ನೆನೆಹಾಕಿ ಒಗೆದುಬಿಡು ಎಂದು ಆಯಾಗೆ ಹೇಳಿದೆ. ಆ ದಿನ ನಾನು ನಿಜವಾಗಿ ಮನಸ್ಸಿಟ್ಟು ಮಾಡಿದ ಕೆಲಸ ಇದೊಂದೇ. ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ್ದೂ ಇದೇ.

ಮರುದಿನ ಎರಡು ಗಂಟೆಗೆ ಬಂದಾಗ ಅವಳು ಮಂಚದ ಮೇಲೆ ಮಲಗದೆ ಗೋಡೆಗೆ ಆತು ಕೂತಿದ್ದಳು. ಊಟದ ತಟ್ಟೆ ಮುಟ್ಟಿರಲಿಲ್ಲ. ಬೆಳಗಿನ ಸಿಸ್ಟರು "ಯಾರನ್ನೂ ಹತ್ತಿರ ಬಿಡೋದಿಲ್ಲ, ಬಿಪಿ ಪಟ್ಟಿ ಕಟ್ಟೋಕೂ ಕೈ ಕೊಡೋದಿಲ್ಲ" ಎಂದು ದೂರಿದಳು. ನಾನು ಹೋಗಿ ಬೈಯುವ ದನಿಯಲ್ಲೇ ಮಾತು ತೆಗೆದೆ. ಸಿಟ್ಟಲ್ಲ, ಅದು ನಮ್ಮ ಡ್ಯೂಟಿಯ ದನಿ.

"ಊಟಾ ಯಾಕ ಮಾಡಿಲ್ಲ? ಸಂಜಿಗೆ ಮನೀಗೆ ಬಿಡ್ತಾರ ನಿನ್ನ."

"ಡಾಕ್ಟರ ಯಾವಾಗ ನೋಡತಾರ್ರಿ ಅಕ್ಕಾರ?"

"ನಿನ್ನೇನ ನೋಡ್ಯಾರಲ್ಲ!"

"ಹಣಿ ನೋಡ್ಯಾರ್ರಿ," ಎಂದಳು. "ತ್ರಾಸ ನೋಡಿಲ್ಲಲ್ರಿ."

ನಾನು ಮಂಚದ ಮೇಲೆ ಕೂತೆ. ಪಾಳಿಯಲ್ಲಿ ರೋಗಿಯ ಮಂಚದ ಮೇಲೆ ಕೂರಬಾರದು. ಕೂರುವುದು ನಾನು ನಿರ್ಧರಿಸಿದ್ದಲ್ಲ. ಹಿಂದಿನ ದಿನ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಅವಳು ಹೇಳಿದಳು, ನನ್ನ ಮುಖ ನೋಡದೆ, ಕಿಟಕಿಯ ಕಡೆ ನೋಡುತ್ತ. ಕಿಟಕಿಯ ಆಚೆ ಕಂಬಿಯ ಮೇಲೆ ಅವಳ ಸೀರೆ ಒಣಗುತ್ತಿತ್ತು, ಅಚ್ಚುಕಟ್ಟಾಗಿ ಒಗೆದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದವಳು ಸರಿಯಾಗಿಯೇ ಆಡಿದ್ದಳು. ಒಡೆದದ್ದು ನನ್ನ ಕೈಯಲ್ಲಿ.

ಓಡಿಹೋಗಿ ಹವಾಲ್ದಾರನಿಗೆ ಹೇಳಿದೆ. ಅವನು ಊಟದ ಡಬ್ಬಿ ಮುಚ್ಚಿ ಬಾಯಿ ಒರೆಸಿಕೊಂಡು, "ಕಾಲ್ ತರ್ ತ್ರಾಸ್ ದಿಲಾ ಮ್ಹಣಾಲೀ. ಆತಾ ನವೀನ್ ಗೋಷ್ಟ?" ಎಂದ. ನಿನ್ನೆ ತ್ರಾಸ ಎಂದಳು, ಈಗ ಹೊಸ ಕಥೆಯೋ ಎಂದು. ಕಥೆ ಹೊಸದಲ್ಲ, ನಾನು ದಾಟಿಸಿದ್ದು ತಪ್ಪಾಗಿತ್ತು ಎಂದೆ. ಅವನು ನಕ್ಕ. "ಸಿಸ್ಟರ್, ನಿಮ್ಮ ಮರಾಠಿ ನಮಗಿಂತ ಚೆನ್ನಾಗಿದೆ. ಅವಳ ಅಣ್ಣ ಏನೋ ಹೇಳಿಕೊಟ್ಟಿದ್ದಾನೆ ಬಿಡಿ."

ಮುಂದಿನದೆಲ್ಲ ನಿಯಮದ ಪ್ರಕಾರವೇ ನಡೆಯಿತು. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಆ ಕಾಲದಲ್ಲಿ ಪೊಲೀಸರ ಯಾದಿ ಇಲ್ಲದೆ, ಅಂದರೆ ಅವರು ಬರೆದುಕೊಡುವ ಚೀಟಿ ಇಲ್ಲದೆ, ಹೆಂಗಸರ ವಿಭಾಗದ ಡಾಕ್ಟರು ಇಂಥ ಪರೀಕ್ಷೆ ಮಾಡುತ್ತಿರಲಿಲ್ಲ. ಯಾದಿ ಕೊಡಬೇಕಾದರೆ ಗುನ್ಹೆ ದಾಖಲಾಗಬೇಕು. ದಾಖಲು ಮಾಡಬೇಕಾದ್ದು ಆಸ್ಪತ್ರೆಯ ಚೌಕಿಯಲ್ಲ, ಘಟನೆ ನಡೆದ ಕಡೆಯ ಠಾಣೆ. ಠಾಣೆ ಮೂವತ್ತು ಕಿಲೋಮೀಟರು ದೂರ. ಅಣ್ಣ ತಂಗಿ ಬಸ್ಸು ಹತ್ತಿ ಹೋದರು. ಅಂದು ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಮರುದಿನ ಮತ್ತೆ ಹೋದರು. ನಾನೂ ರಜೆ ಹಾಕಿ ಜೊತೆಗೆ ಹೋದೆ, ಮತ್ತೆ ದುಭಾಷಿಯಾಗಿ. ಅಲ್ಲಿ ಒಬ್ಬ ಜಮಾದಾರ, ಆಮೇಲೆ ಫೌಜದಾರ, ಆಮೇಲೆ ಇನ್ನೊಬ್ಬ ಸಾಹೇಬ, ಮೂವರೂ ಮೊದಲಿನಿಂದ ಹೇಳಿಸಿದರು. ಯಾದಿ ಕೈಗೆ ಬಂದಾಗ ನಾಲ್ಕನೆಯ ದಿನ.

ಆಸ್ಪತ್ರೆಯಲ್ಲಿ ಹೊರರೋಗಿಗಳ ಬೆಂಚಿನ ಮೇಲೆ ಅವಳನ್ನು ಕೂರಿಸಿ ನಾನು ಕಾಗದ ಮಾಡಿಸಲು ಹೋಗಿದ್ದೆ. ಬರುವಷ್ಟರಲ್ಲಿ ಸಿಪಾಯಿಯೊಬ್ಬ ಓಣಿಯಂಥ ಆ ಉದ್ದನೆ ಪಡಸಾಲೆಯಲ್ಲಿ "ರೇಪ್ ಕೇಸ್ ಕುಠಾಯ್? ರೇಪ್ ಕೇಸ್!" ಎಲ್ಲಿದೆ ಎಂದು ಕೂಗುತ್ತಿದ್ದ. ಬಸುರಿಯರು, ಅವರ ಅತ್ತೆಯಂದಿರು, ಗಂಡಂದಿರು, ಎಲ್ಲರೂ ತಿರುಗಿ ತಿರುಗಿ ನೋಡಿದರು. ಅವಳು ನನ್ನನ್ನು ಕಂಡು ಮೆಲ್ಲಗೆ ಕೇಳಿದಳು: "ಅಕ್ಕಾರ, ರೇಪ ಕೇಸ ಅಂದ್ರ ನಾನಽ ಏನ್ರಿ?"

"ಏಳು, ಒಳಗ ಕರೀಲಿಕತ್ತಾರ," ಎಂದೆ.

ಒಳಗಿದ್ದ ಡಾಕ್ಟರು ಹೆಂಗಸೇ, ವಯಸ್ಸಿನಲ್ಲಿ ಚಿಕ್ಕವಳು. ಉಗುರು ಕತ್ತರಿಸಿ ಪೊಟ್ಟಣ ಕಟ್ಟಿದಳು, ಹತ್ತಿಯ ಕಡ್ಡಿಗಳಿಂದ ಮಾದರಿ ತೆಗೆದು ಗಾಜಿನ ಪಟ್ಟಿಗೆ ಸವರಿದಳು, ಬಟ್ಟೆ ಎಲ್ಲಿ ಎಂದಳು. ಒಗೆದಾಗಿದೆ ಎಂದೆ. "ಕೋಣೀ ಧುತಲೇ?" ಯಾರು ಒಗೆದದ್ದು? ನಾನು ಹೇಳಿದೆ. ಅವಳು ನನ್ನನ್ನು ನೋಡಿ, ಅರಗು ಕಾಯಿಸಿ ಪೊಟ್ಟಣಗಳಿಗೆ ಮುದ್ರೆ ಒತ್ತಿದಳು. ಆಮೇಲೆ ಆ ಕಾಲದಲ್ಲಿ ಎಲ್ಲೆಡೆ ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ಮಾಡಿ, ಈಕೆಗೆ ಸಂಭೋಗದ ರೂಢಿಯಿದೆ ಎಂದು ಬರೆದಳು. ನಾಲ್ಕು ವರ್ಷದ ಮಗಳಿರುವ ಹೆಂಗಸು! ಗಂಡ ಸತ್ತು ಎರಡು ವರ್ಷವಾಗಿತ್ತು. ಹೆತ್ತವಳ ಮೈಮೇಲೆ ಬರೆಯುವ ಮಾತೇ ಇದು ಎಂದು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಬಟ್ಟೆ ಒಗೆಸಿದವಳಿಗೆ ಬಾಯಿ ಎಲ್ಲಿಂದ ಬರಬೇಕು?

ಆ ಪರೀಕ್ಷೆಯ ಹೊತ್ತಿಗೆ ಅವಳು ಏಳು ಸಲ ಹೇಳಿಯಾಗಿತ್ತು. ಮೊದಲ ಸಲ ನಡುಗುತ್ತ, ನಡುವೆ ನಿಲ್ಲಿಸುತ್ತ ಹೇಳಿದ್ದಳು. ನಾಲ್ಕನೆಯ ಸಲಕ್ಕೆ ನಡುಕ ನಿಂತಿತು. ಆರನೆಯ ಸಲಕ್ಕೆ ಅವಳು ನಾನು ಬಳಸುತ್ತಿದ್ದ ಮರಾಠಿ ಮಾತುಗಳನ್ನೇ ಹೆಕ್ಕಿಕೊಂಡು ನೇರವಾಗಿ ಅವರಿಗೆ ಹೇಳತೊಡಗಿದಳು, ಮಗ್ಗಿ ಒಪ್ಪಿಸಿದ ಹಾಗೆ. ಅದನ್ನು ಕಂಡು ಫೌಜದಾರ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅತ್ತರೆ ನಾಟಕ, ಅಳದಿದ್ದರೆ ಕಂಠಪಾಠ. ಅವಳು ಹೇಗೆ ಹೇಳಿದ್ದರೆ ಇವರಿಗೆ ಸರಿಹೋಗುತ್ತಿತ್ತು ಎಂಬುದು ನನಗೆ ಇನ್ನೂ ಗೊತ್ತಾಗಿಲ್ಲ.

ಮುಕಾದಮನನ್ನು ಹಿಡಿದರು, ಕೆಲವು ದಿನ ಇಟ್ಟರು, ಜಾಮೀನಿನ ಮೇಲೆ ಬಿಟ್ಟರು. ಹೊರಗೆ ಬಂದವನು ಮಾಡಿದ ಮೊದಲ ಕೆಲಸ ಎಂದರೆ ಮೊದಲ ದಿನದ ಎನ್.ಸಿ. ಕಾಗದದ ನಕಲು ತೆಗೆದುಕೊಂಡು ಊರಿಗೆ ಹೋದದ್ದು. ಅವಳ ಮಗಳು ಊರಲ್ಲಿ ಅತ್ತೆಯ ಹತ್ತಿರ ಇದ್ದಳು. ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತು ಅವನು ಮರಾಠಿ ಬಲ್ಲವನೊಬ್ಬನಿಂದ ಆ ಕಾಗದ ಓದಿಸಿದನಂತೆ. ನೋಡ್ರಿ, ಮೊದಲ ದಿನ ಜಗಳ ಅಂದಾಳ, ನಾಲ್ಕನೇ ದಿನ ಬೇರೇನ ಅಂದಾಳ. ತಾನಾಗೇ ಬಂದಾಕಿ, ಜಗಳಾದ ಮ್ಯಾಲ ಮಾತ ತಿರವ್ಯಾಳ ಎಂದನಂತೆ. ಅತ್ತೆ ಹೇಳಿಕಳಿಸಿದಳು: ಮಾತು ತಿರುವುವವಳ ಕೈಗೆ ನಮ್ಮ ಕೂಸನ್ನು ಕೊಡುವುದಿಲ್ಲ, ಊರಿಗೆ ಕಾಲಿಡುವುದೂ ಬೇಡ. ಹೀಗೆ ನನ್ನ ಒಂದು ಸಲೀಸಾದ ಅನುವಾದ ಬಸ್ಸು ಹತ್ತಿ ಅವಳಿಗಿಂತ ಮೊದಲು ಅವಳ ಮನೆ ಸೇರಿತು.

ನಾನು ಒಂದು ಅರ್ಜಿ ಬರೆದುಕೊಟ್ಟರೆ ಇದು ಸರಿಹೋಗಬಹುದಿತ್ತು: ಅವಳು ಮೊದಲ ದಿನವೇ ಹೇಳಿದ್ದಳು, ದಾಟಿಸಿದವಳು ನಾನು, ತಪ್ಪು ನನ್ನದು ಎಂದು. ಮೇಟ್ರನ್ ಅವರನ್ನು ಕೇಳಿದೆ. ಅವರು ಬಾಗಿಲು ಮುಂದೆ ಮಾಡಿ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಒಳ್ಳೆಯ ಸುದ್ದಿ ಇರುವುದಿಲ್ಲ.

"ಪುಸ್ತಕದಲ್ಲಿ ಸಹಿ ಯಾರದು?"

"ಡಾಕ್ಟರದು."

"ಹೇಳಿಕೆಯಲ್ಲಿ ಹೆಸರು?"

"ಅವಳದು, ಹವಾಲ್ದಾರನದು."

"ನಿನ್ನದು?"

"ಎಲ್ಲೂ ಇಲ್ಲ."

"ಮತ್ತೆ? ಇಲ್ಲದ ಹೆಸರನ್ನು ನೀನಾಗಿ ಯಾಕೆ ಬರೆಸಿಕೊಳ್ಳುತ್ತೀ? ನೀನು ಬರೆದರೆ ನಾಳೆ ಕೇಳುತ್ತಾರೆ, ದುಭಾಷಿಯ ಕೆಲಸ ನಿನಗೆ ಯಾರು ಹೇಳಿದರು ಎಂದು. ಬಟ್ಟೆ ಒಗೆಸಲು ಯಾರು ಹೇಳಿದರು ಎಂದು. ಆಸ್ಪತ್ರೆಯ ಹೆಸರು ಪೇಪರಿಗೆ ಬರುತ್ತದೆ. ನಿನಗೂ ಮಕ್ಕಳಿದ್ದಾರೆ."

ಇದೆಲ್ಲ ಮರಾಠಿಯಲ್ಲಿ, ಪ್ರೀತಿಯಿಂದಲೇ ಹೇಳಿದರು. ಮನೆಯಲ್ಲಿ ನನ್ನ ಗಂಡ ಕನ್ನಡದಲ್ಲಿ ಅದನ್ನೇ ಹೇಳಿದರು: "ಹುತ್ತದಾಗ ಕೈ ಯಾಕ ಹಾಕ್ತಿ? ಬೇಕಂತ ಮಾಡೀಯೇನ ನೀನು?" ಬೇಕೆಂದು ಮಾಡಿರಲಿಲ್ಲ. ಆ ಒಂದು ಮಾತನ್ನು ತಲೆದಿಂಬು ಮಾಡಿಕೊಂಡು ನಾನು ದಿನ ತಳ್ಳಿದೆ. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ಒಂಬತ್ತು ದಿನ.

ಹತ್ತನೆಯ ದಿನ ಅವಳು ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದಳು. ಬರಬೇಕಿದ್ದ ದಿನ ಎಂದೋ ದಾಟಿತ್ತು. ದಾರ ಚರ್ಮದೊಳಗೆ ಕೂತುಬಿಟ್ಟಿತ್ತು. ಡ್ರೆಸಿಂಗ್ ಕೋಣೆಯಲ್ಲಿ ನಾನು ಒಂದೊಂದಾಗಿ ಕತ್ತರಿಸಿ ಎಳೆಯುತ್ತಿದ್ದೆ. ಕೆಲವೇ ವಾರಗಳಲ್ಲಿ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ಅವಳ ಕೈಯ ಚರ್ಮ ಬಿಳಿಚಿ ಸುಲಿದಿತ್ತು. ದಿನಕ್ಕೆ ಎಷ್ಟು ಸಲ ತೊಳೀತಾಳೋ ಲೆಕ್ಕವಿಲ್ಲ ಎಂದು ಅಣ್ಣ ಹೇಳಿದ್ದ. ಮೂರನೆಯ ಹೊಲಿಗೆ ಎಳೆಯುವಾಗ ಕೇಳಿದಳು:

"ಅಕ್ಕಾರ, ಆವತ್ತ ನಾ ಏನ ಅಂದಿದ್ನಿರಿ?"

"ಯಾಕ?"

"ಎಲ್ಲಾರೂ ನಾ ಹೇಳಿಲ್ಲ ಅಂತಾರ. ಪೊಲೀಸರೂ ಹಂಗ ಅಂತಾರ, ಅಣ್ಣಾನೂ ಒಂದಽ ಮಾತ ಹೇಳಬೇಕಿತ್ತವಾ ಅಂತಾನ. ನನಗಽ ಈಗ ನೆನಪಾಗವಲ್ಲದ್ರಿ. ನಾ ಹೇಳಿರಲಿಕ್ಕಿಲ್ಲ ಬಿಡ್ರಿ."

ನನ್ನ ಕೈಯ ಚಿಮಟ ನಿಂತಿತು. ಅವನು ಅವಳಿಗೆ ಮಾಡಿದ್ದು ಒಂದು. ನಾವು, ಈ ಪುಸ್ತಕ, ಯಾದಿ, ಹೆಬ್ಬೆಟ್ಟು, ನಮ್ಮ ಓದಿ ಹೇಳಲಾಯಿತು ಸರಿಯಾಗಿದೆ, ಎಲ್ಲ ಸೇರಿ ಮಾಡಿದ್ದು ಇನ್ನೊಂದು. ತಾನು ಬಾಯಿ ಬಿಟ್ಟು ಹೇಳಿದ್ದೇ ಸುಳ್ಳಿರಬೇಕು ಎಂದು ಅವಳನ್ನು ನಂಬಿಸಿದ್ದೆವು. ಸತ್ಯ ಗೊತ್ತಿದ್ದವಳು ಆ ಕಟ್ಟಡದಲ್ಲಿ ನಾನೊಬ್ಬಳೇ, ನಾನು ಒಂಬತ್ತು ದಿನ ಬಾಯಿ ಹೊಲಿದುಕೊಂಡಿದ್ದೆ. ನಾಚಿಕೆಯಾಯಿತು. ಹಾಗೆ ನನಗೆ ಅದಕ್ಕೆ ಮೊದಲು ನಾಚಿಕೆಯಾಗಿರಲಿಲ್ಲ.

"ನೀ ಹೇಳಿದ್ದಿ," ಎಂದೆ. "ಮೊದಲನೇ ಮಾತಿನಾಗನ ಹೇಳಿದ್ದಿ. ನಾ ತಪ್ಪ ಹೇಳಿದೆ."

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಹೌದಽ?" ಎಂದಳು, ಬೇರೆ ಯಾರದೋ ಸುದ್ದಿ ಕೇಳಿದವಳ ಹಾಗೆ.

ಅದೇ ಪಾಳಿಯಲ್ಲಿ ಎರಡು ಪುಟ ಬರೆದೆ. ಅವಳು ಆಡಿದ ಕನ್ನಡ ಮಾತುಗಳನ್ನು ದೇವನಾಗರಿಯಲ್ಲಿ ಇದ್ದದ್ದು ಇದ್ದ ಹಾಗೆ, ಕೆಳಗೆ ನಾನು ಹೇಳಿದ ಮರಾಠಿ, ಅದರ ಕೆಳಗೆ ಹೇಳಬೇಕಿದ್ದ ಮರಾಠಿ. 'ಜಗಳನೂ' ಎಂಬಲ್ಲಿ 'ನೂ' ಎಂದರೆ ಏನು ಎಂಬುದಕ್ಕೇ ಆರು ಸಾಲು ಬರೆದೆ. ನೀರು ಕೊಟ್ಟದ್ದು, ಬಟ್ಟೆ ಒಗೆಸಿದ್ದು, ಎಲ್ಲ. ಒಂದು ಪ್ರತಿ ಆಸ್ಪತ್ರೆಯಲ್ಲಿ ಕಾಗದಪತ್ರ ತೆಗೆದುಕೊಳ್ಳುವ ಆವಕ ವಿಭಾಗಕ್ಕೆ ಕೊಟ್ಟು ಮೊಹರು ಹಾಕಿಸಿಕೊಂಡೆ, ಇನ್ನೊಂದನ್ನು ಠಾಣೆಗೆ ಹೋಗಿ ಕೊಟ್ಟೆ. ಫೌಜದಾರ ತೆಗೆದುಕೊಳ್ಳಲು ಒಪ್ಪಲಿಲ್ಲ. ತೆಗೆದುಕೊಳ್ಳುವವರೆಗೆ ಬೆಂಚು ಬಿಟ್ಟು ಏಳುವುದಿಲ್ಲವೆಂದು ಕೂತೆ. ಬಿಳಿ ಸಮವಸ್ತ್ರದ ಸಿಸ್ಟರು ಮೂರು ತಾಸು ಠಾಣೆಯ ಬೆಂಚಿನ ಮೇಲೆ ಕೂತರೆ ನೋಡಲು ಚೆನ್ನಾಗಿರುವುದಿಲ್ಲ. ಕೊನೆಗೆ ನನ್ನ ಜಬಾನಿ, ಅಂದರೆ ಹೇಳಿಕೆ, ಬರೆದುಕೊಂಡ. ವಾರದೊಳಗೆ ಕೈಗೆ ಮೆಮೋ ಬಂತು, ಆಮೇಲೆ ನನ್ನನ್ನು ಕ್ಯಾಜುವಲ್ಟಿಯಿಂದ ಔಷಧ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಮಾತು ದಾಟಿಸಬೇಕಾದ ರೋಗಿಗಳು ಯಾರೂ ಇರಲಿಲ್ಲ.

ಖಟ್ಲೆ ಸೆಷನ್ಸ್ ಕೋರ್ಟಿಗೆ ಬಂದು ನಿಲ್ಲಲು ನಾಲ್ಕು ವರ್ಷ ಹಿಡಿಯಿತು. ಅಷ್ಟೂ ವರ್ಷ ಅವಳು ಮಗಳನ್ನು ನೋಡಲಿಲ್ಲ. ಅಣ್ಣನ ಖೋಲಿಯಲ್ಲೇ ಇದ್ದಳು, ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ಕೋರ್ಟಿನಲ್ಲಿ ನೀನು ಗೆದ್ದು ಬಾ, ಆಮೇಲೆ ನೋಡೋಣ ಎಂದಿದ್ದಳಂತೆ ಅತ್ತೆ. ಆದ್ದರಿಂದ ಅವಳಿಗೆ ಅವನು ಜೈಲಿಗೆ ಹೋಗುತ್ತಾನೋ ಇಲ್ಲವೋ ಎಂಬುದಕ್ಕಿಂತ ದೊಡ್ಡದೊಂದು ಇತ್ತು. "ನಾ ಮದಲನೇ ದಿನಾನಽ ಹೇಳೀನಿ ಅಂತ ಜಜ್ಜ ಸಾಹೇಬರು ಬರದ ಕೊಟ್ರ ಸಾಕ್ರಿ," ಎನ್ನುತ್ತಿದ್ದಳು. ಮೂರು ಸಲ ಬಂದು ಮುಂದಿನ ತಾರೀಖು ಹಿಡಿದು ಹೋದೆವು. ನಾಲ್ಕನೆಯ ಸಲ ಅವಳ ಸಾಕ್ಷಿ ಬಾಗಿಲು ಮುಚ್ಚಿ ನಡೆಯಿತು. ಹೊರಗೆ ಬಂದವಳು ಸೀದಾ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡಳು.

ನನ್ನ ಸರದಿ ಬಂದಾಗ ಮುಕಾದಮನ ವಕೀಲರು ನನ್ನನ್ನು ಹೊಗಳಿಯೇ ಶುರುಮಾಡಿದರು.

"ಸಿಸ್ಟರ್, ನಿಮ್ಮ ಮರಾಠಿ ಫಾರ ಚಾಂಗಲೀ ಆಹೇ. ಎಷ್ಟು ವರ್ಷದಿಂದ ಮಾತಾಡುತ್ತೀರಿ?"

ಹೇಳಿದೆ.

"ಕನ್ನಡ ಮಾತೃಭಾಷೆ. ಅಂದರೆ ಎರಡೂ ಚೆನ್ನಾಗಿ ಬರುತ್ತವೆ. ಹಾಗಾದರೆ ಅಂದು ನೀವು ತ್ರಾಸ್ ಎಂದದ್ದು ಸರಿಯಾಗಿಯೇ ಇರಬೇಕು. ಅಥವಾ ಎರಡೂ ಅಷ್ಟಕ್ಕಷ್ಟೇ ಎನ್ನುತ್ತೀರೋ? ಹಾಗಿದ್ದರೆ ಇವತ್ತು ಹೇಳುತ್ತಿರುವುದನ್ನು ನಾವು ಹೇಗೆ ನಂಬಬೇಕು?"

ಅತ್ತ ದರಿ, ಇತ್ತ ಪುಲಿ. ನಾನು, "ಎರಡೂ ಭಾಷೆ ಚೆನ್ನಾಗಿ ಬರುತ್ತಿದ್ದವು. ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ," ಎಂದೆ. ನನ್ನ ಬದುಕಿನಲ್ಲಿ ನಾನು ಆಡಿದ ಅತ್ಯಂತ ನಿಜವಾದ ಮಾತು ಅದು. ನ್ಯಾಯಾಧೀಶರು ಅದನ್ನು ಟೈಪ್ ಮಾಡುವವನಿಗೆ ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು: ಅಂದು ತನ್ನ ಗಮನ ಕೆಲಸದ ಮೇಲಿರಲಿಲ್ಲವೆಂದು ಸಾಕ್ಷಿ ಒಪ್ಪುತ್ತಾಳೆ. ವಕೀಲರು ಕೂತರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ನನ್ನ ಮಾತನ್ನೂ ಒಬ್ಬರು ದಾಟಿಸಿದ್ದರು, ಮತ್ತು ಅದನ್ನು ನನಗೆ ಓದಿ ಹೇಳಿದಾಗ ನಾನೂ ಸರಿಯಾಗಿದೆ ಎಂದು ಸಹಿ ಹಾಕಿದೆ.

ತೀರ್ಪಿನ ದಿನ ನನಗೆ ಸಮನ್ಸ್ ಇರಲಿಲ್ಲ, ನಾನಾಗಿಯೇ ಹೋದೆ. ಹಣೆಗೆ ಗಾಯ ಮಾಡಿದ್ದು ರುಜುವಾತಾಗಿದೆ. ಅದಕ್ಕೆ ಅವನು ಒಳಗಿದ್ದ ದಿನಗಳೇ ಸಾಕು. ಉಳಿದ ಆರೋಪಕ್ಕೆ ವೈದ್ಯಕೀಯ ಸಾಕ್ಷ್ಯವಿಲ್ಲ, ಸಂಶಯದ ಲಾಭ ಆರೋಪಿಗೆ. ಮುಕಾದಮ ಕೈ ಮುಗಿದು ಹೊರಟ. ಸರ್ಕಾರಿ ವಕೀಲರು ಕಾಗದ ಮಗುಚಿ ಒಂದು ಸಾಲು ತೋರಿಸಿದರು. ಫಿರ್ಯಾದಿಯು ಮೊದಲ ದಿನವೇ ಹೇಳಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು, ಎಂದಿತ್ತು. ನಾಲ್ಕು ವರ್ಷಕ್ಕೆ ಇಷ್ಟೇ.

ಕೋರ್ಟಿನ ಮೆಟ್ಟಿಲಿನ ಕೆಳಗೆ ಅಣ್ಣ ತಂಗಿ ನಿಂತಿದ್ದರು. "ಏನ ಬರದಾರ್ರಿ ಅಕ್ಕಾರ?" ಎಂದಳು.

"ಅಂವನ್ನ ಬಿಟ್ಟಾರ," ಎಂದೆ. ಅದನ್ನು ಮೆತ್ತಗೆ ಹೇಳುವ ಮಾತು ಯಾವ ಭಾಷೆಯಲ್ಲೂ ಸಿಗಲಿಲ್ಲ. ಆಮೇಲೆ ಆ ಸಾಲನ್ನು ಹೇಳಬೇಕಾಯಿತು. ಸಾಧ್ಯತೆ, ಅಲ್ಲಗಳೆಯಲಾಗದು, ಅವನ್ನೆಲ್ಲ ನಾನು ನುಂಗಿಕೊಂಡೆ. "ನೀ ಮೊದಲನೇ ದಿನಾನ ಹೇಳಿದ್ದಿ ಅಂತ ಜಜ್ಜ ಸಾಹೇಬರು ಒಪ್ಪ್ಯಾರ. ಬರದಾರ ಇದರಾಗ." ಈ ಸಲ ತಪ್ಪು ಅನುವಾದ ಮಾಡಿದ್ದು ಬೇಕೆಂದೇ.

"ಬರದಾರ?" ಎಂದಳು. ಕಾಗದ ತೆಗೆದುಕೊಂಡು, ಓದಲು ಬಾರದವಳು, ನಾನು ಬೆರಳಿಟ್ಟ ಸಾಲನ್ನು ಬಹಳ ಹೊತ್ತು ನೋಡಿದಳು. ಹಾಗೆ ನೋಡುವಾಗ ಅವಳ ಮುಖದಲ್ಲಿ ನೆಮ್ಮದಿಯಂಥದ್ದೇನೋ ಇತ್ತು.

ಅಣ್ಣ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಬಾಯಾರ, ಒಂದ ಮಾತ ಕೇಳಲ್ರಿ? ಇಂಗ್ಲೀಷ ಕಾಗದ ನಮ್ಮೂರಾಗ ಯಾರ ಓದತಾರ್ರಿ? ಅಂವ ಒಯ್ದ ಕಾಗದಾನ ಎಲ್ಲಾರೂ ನಂಬ್ಯಾರ. ನೀವ ಒಮ್ಮಿ ಬಂದು ಇಕಿ ಅತ್ತಿ ಮುಂದ ಹೇಳ್ರಿ. ತಪ್ಪ ನಿಮ್ಮದು, ಇಕೀದಲ್ಲ ಅಂತ. ಇವತ್ತಿನ ಬಿಜಾಪುರ ಬಸ್ಸಿಗೆ ಹೋದ್ರ ನಾಳೆ ಸಂಜೀಕ ತಿರುಗಿ ಬರಬಹುದ್ರಿ. ಕೂಸ ಅಲ್ಲೇ ಅದ."

ನ್ಯಾಯಾಧೀಶರ ಮುಂದೆ ಹೇಳಿದ್ದೆ, ಫೌಜದಾರನ ಮುಂದೆ ಹೇಳಿದ್ದೆ, ಎರಡು ಪುಟ ಬರೆದಿದ್ದೆ. ಒಂದು ಊರಿನ ಕಟ್ಟೆಯ ಮೇಲೆ, ನಮ್ಮದೇ ಮಾತಾಡುವ ಜನರ ನಡುವೆ ನಿಂತು ಅದನ್ನು ಹೇಳುವುದನ್ನು ನೆನೆದು ನಾನು ಹಿಂಜರಿದೆ, ಕೈಗಡಿಯಾರ ನೋಡಿಕೊಂಡೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಂಡು ಅಣ್ಣನ ತೋಳು ಹಿಡಿದಳು.

"ಬ್ಯಾಡ ಬಿಡಣ್ಣಾ," ಎಂದಳು. "ಅವರಿಗೆ ಡ್ಯೂಟಿ ಇರ್ತದ."

ಅಂದು ನನ್ನ ವಾರದ ರಜೆಯ ದಿನ. ಮರುದಿನವೂ ರಜೆ ಹಾಕಿದ್ದೆ. ಅವಳ ಮಾತನ್ನು ನಾನು ತಿದ್ದಲಿಲ್ಲ.